ಬ್ರೇಕ್ ಒತ್ತಿದರೆ ನಿಲ್ಲುವ ಫ್ಯಾನು

ನನ್ನ ಅಂಗಿಯ ಜೇಬಿನಲ್ಲಿ ಯಾವಾಗಲೂ ಒಂದು ಸಣ್ಣ ಬಲ್ಬು ಇರುತ್ತದೆ. ಸ್ಕೂಟರಿನ ಇಂಡಿಕೇಟರಿಗೆ ಹಾಕುತ್ತಾರಲ್ಲ, ಅಂಥದ್ದು. ಅದಕ್ಕೆ ಎರಡು ವೈರು ಬೆಸೆದಿದೆ. ಒಂದರ ತುದಿಗೆ ಕ್ಲಿಪ್ಪು, ಇನ್ನೊಂದರ ತುದಿಗೆ ಗೋಣಿಚೀಲ ಹೊಲಿಯುವ ದಬ್ಬಣ. ಗಾಡಿಗಳ ವೈರಿಂಗ್ ಮಾಡುವವರು ಇದಕ್ಕೆ ಟೆಸ್ಟ್ ಲ್ಯಾಂಪ್ ಅನ್ನುತ್ತಾರೆ. ಕ್ಲಿಪ್ಪನ್ನು ಗಾಡಿಯ ಕಬ್ಬಿಣಕ್ಕೆ ಸಿಕ್ಕಿಸಿ ದಬ್ಬಣವನ್ನು ವೈರಿಗೆ ಚುಚ್ಚಬೇಕು. ಕರೆಂಟು ಅಲ್ಲಿಯವರೆಗೆ ಬಂದಿದ್ದರೆ ಬಲ್ಬು ಹತ್ತುತ್ತದೆ. ಮೊನ್ನೆ ಬಟ್ಟೆ ನೆನೆಹಾಕುವಾಗ ಆ ದಬ್ಬಣ ನನ್ನ ಹೆಂಡತಿ ಶಾಂತಾಳ ಬೆರಳಿಗೆ ಚುಚ್ಚಿತು. ಮಂದಿಯ ಗಂಡಂದಿರ ಜೇಬಿನಲ್ಲಿ ಅಡಿಕೆ ಚೂರು, ಬಸ್ಸಿನ ಚೀಟಿ ಸಿಗುತ್ತವೆ, ನಿಮ್ಮ ಜೇಬಿಗೆ ಕೈ ಹಾಕಬೇಕಾದರೆ ರಬ್ಬರ್ ಚಪ್ಪಲಿ ಮೆಟ್ಟಿಕೊಂಡು ನಿಲ್ಲಬೇಕು ಅಂದಳು.

ಬೈದಳು ನಿಜ. ಆದರೆ ಬಲ್ಬನ್ನು ಒರೆಸಿ ಕಿಟಕಿಯ ಕಟ್ಟೆಯ ಮೇಲೆ ಇಟ್ಟಿದ್ದಳು. ಅದನ್ನು ನೋಡಿದ ಮೇಲೆ ನನಗೆ ಸುಮ್ಮನೆ ಕೂರಲು ಆಗುತ್ತಿಲ್ಲ. ನಾನು ಒಂದೇ ಬೆರಳಿನಲ್ಲಿ ಟೈಪ್ ಮಾಡುವವನು. ಒಂದು ಒತ್ತಕ್ಷರ ಹುಡುಕುವುದರೊಳಗೆ ಚಹಾ ಆರಿ ಹೋಗುತ್ತದೆ. ಆದರೂ ಇದನ್ನು ನಿಮಗೆ ಹೇಳಲೇಬೇಕು.

ನಾನು ಬೆಳಗಾವಿಯ ಒಂದು ಶಾಲೆಯ ಬಸ್ಸು ನಡೆಸುತ್ತೇನೆ. ಮನೆ ಇರುವುದು ಮಹಾಂತೇಶ ನಗರದಲ್ಲಿ. ನಮ್ಮ ಶಾಲೆಯಲ್ಲಿ ಸಣ್ಣ ಮಕ್ಕಳನ್ನು ಕರೆತರುವ ಒಂದು ಪೆಟ್ರೋಲ್ ವ್ಯಾನ್ ಇತ್ತು. ಅದಕ್ಕೆ ವಯಸ್ಸಾಯಿತು ಅಂತ ಮಾರಲು ತೆಗೆದಾಗ ನಾನೇ ತೆಗೆದುಕೊಂಡೆ. ಯಾಕೆ ಅಂತ ಎಲ್ಲರೂ ಕೇಳಿದರು. ಇದರಲ್ಲಿ ಮನೆ ಮಾಡುತ್ತೇನೆ ಅಂದೆ. ಆಮೇಲೆ ಯಾರೂ ಏನೂ ಕೇಳಲಿಲ್ಲ, ಶಾಂತಾಳ ಮುಖ ಮಾತ್ರ ಕನಿಕರದಿಂದ ನೋಡಿದರು.

ಅವರಿಗೆ ಹೇಗೆ ತಿಳಿಯಬೇಕು ಹೇಳಿ. ನಾವು ಕುರಿಯವರು. ಊರು ಖಾನಾಪುರ ತಾಲೂಕಿನ ಬೀಡಿ ಅಂತ ಹೇಳಿಕೊಳ್ಳುತ್ತೇವೆ, ಆದರೆ ನನಗೆ ಹದಿನಾಲ್ಕು ತುಂಬುವವರೆಗೆ ನಮ್ಮ ಮನೆ ಒಂದು ಕುದುರೆಯ ಬೆನ್ನಿನ ಮೇಲೆ ಇತ್ತು. ನಾಲ್ಕು ಕೋಲು, ಮೂರು ಕಂಬಳಿ, ರೊಟ್ಟಿ ಸುಡುವ ಹಂಚು, ಗಡಿಗೆ, ಒಂದು ಬುಟ್ಟಿಯಲ್ಲಿ ಕೋಳಿ, ಇನ್ನೊಂದು ಬುಟ್ಟಿಯಲ್ಲಿ ಆಗತಾನೆ ಹುಟ್ಟಿದ ಮರಿಗಳು. ಖಾನಾಪುರದ ಆಚೆ ಯಾರದೋ ಹೊಲದಲ್ಲಿ ಗೊಬ್ಬರಕ್ಕೆಂದು ರಾತ್ರಿ ಕುರಿ ಕೂತರೆ ಅಲ್ಲೇ ಒಲೆ, ಅಲ್ಲೇ ಹಾಸಿಗೆ. ಒಂದು ದಿನ ಫೋನಿನಲ್ಲಿ ಯಾರೋ ಒಬ್ಬ ವ್ಯಾನಿನೊಳಗೆ ಮಂಚ, ಒಲೆ, ನೀರಿನ ನಲ್ಲಿ ಎಲ್ಲ ಮಾಡಿಕೊಂಡು ತಿರುಗುವುದನ್ನು ನೋಡಿ ನನಗೆ ಮೈಯೆಲ್ಲ ಜುಂ ಅಂದಿತು. ಕ್ಯಾಂಪರ್ ವ್ಯಾನ್ ಅನ್ನುತ್ತಾರಂತೆ. ಅವ್ವನಿಗೆ ತೋರಿಸಿದೆ. ಅವ್ವ ಬಹಳ ಹೊತ್ತು ನೋಡಿ, “ಇದ್ರಾಗೇನೈತಿ? ನಮ್ಮದೂ ಹಿಂಗ ಇತ್ತಲ್ಲ. ಅದು ಹುಲ್ಲ ತಿಂತಿತ್ತು, ಇದು ಎಣ್ಣಿ ಕುಡೀತೈತಿ” ಅಂದಳು. ನಮ್ಮ ವ್ಯಾನಿಗೆ ಮನಿಗಾಡಿ ಅಂತ ಹೆಸರಿಟ್ಟವಳೂ ಅವಳೇ.

ಸೀಟುಗಳನ್ನು ಕಿತ್ತಾಗ ಕೆಳಗೆ ಏನೇನು ಸಿಕ್ಕವು ಅಂತೀರಿ. ಮೋಟು ಪೆನ್ಸಿಲ್ಲು, ಕಡಿದ ರಬ್ಬರು, ಒಂಟಿ ಕಾಲುಚೀಲ, ಪೇರಲ ಹಣ್ಣಿನ ಒಣ ಬೀಜ. ಎಲ್ಲ ಗುಡಿಸಿ ಹೊರಗೆ ಹಾಕಿ, ಬಡಿಗರಿಂದ ಒಳಗೆಲ್ಲ ಪ್ಲೈವುಡ್ ಬಡಿಸಿದೆ. ಉದ್ದಕ್ಕೆ ಮಂಚ. ಮೂಲೆಯಲ್ಲಿ ಗ್ಯಾಸಿನ ಒಲೆ. ನೀರೆತ್ತಲು ಕೈಯಗಲದ ಪಂಪು. ಛಾವಣಿಗೆ ಒಂದು ಫ್ಯಾನು, ನಾಲ್ಕು ದೀಪ. ಮಂಚದ ಕೆಳಗೆ ಎರಡನೆಯ ಬ್ಯಾಟರಿ. ಮರಗೆಲಸ ಬಡಿಗರದು, ವೈರಿಂಗ್ ಪೂರ್ತಿ ನನ್ನದು.

ವೈರಿಂಗ್ ಮಾಡಲು ನನಗಿದ್ದ ಯೋಗ್ಯತೆ ಎಂದರೆ ಹತ್ತನೆಯ ತರಗತಿಯ ವಿಜ್ಞಾನದ ಒಂದು ಪಾಠ. ಅದನ್ನೂ ನಾನು ಓದಿದ್ದು ಮೂವತ್ತೇಳನೆಯ ವಯಸ್ಸಿನಲ್ಲಿ. ನೌಕರಿ ಕಾಯಂ ಆಗಬೇಕಾದರೆ ಹತ್ತನೆಯದು ಪಾಸಾಗಿರಬೇಕು ಅಂದರು. ನಮ್ಮ ಓಣಿಯಲ್ಲಿ ಪದ್ಮಾ ಟೀಚರ್ ಅಂತ ಇದ್ದಾರೆ, ಜೈನರು, ನಿವೃತ್ತರಾದವರು. ದಿನಾ ಸಾಯಂಕಾಲ ಅವರು ಸೂರ್ಯ ಮುಳುಗುವುದರೊಳಗೆ ಊಟ ಮುಗಿಸುತ್ತಿದ್ದರು, ಆಮೇಲೆ ನನ್ನ ಪಾಠ. ಪರೀಕ್ಷೆಯ ದಿನ ಕೋಣೆಯಲ್ಲಿ ಕೂತಾಗ ಮೇಲ್ವಿಚಾರಕರು ಬಂದು, ಪಾಲಕರು ಹೊರಗೆ ಹೋಗಬೇಕು ಅಂದರು. ನಾನು ಹಾಲ್ ಟಿಕೆಟ್ ತೋರಿಸಿದೆ. ಅವರು ಅದನ್ನು ನೋಡಿ, ನನ್ನ ಮೀಸೆ ನೋಡಿ, ಇನ್ನೊಮ್ಮೆ ಅದನ್ನು ನೋಡಿದರು.

ಆದರೆ ವಿದ್ಯುತ್ತಿನ ಪಾಠದ ದಿನವಿದೆಯಲ್ಲ, ಅದನ್ನು ನಾನು ಮರೆಯುವುದಿಲ್ಲ. ಕರೆಂಟು ನಳದ ನೀರಿನ ಹಾಗೆ ಬಂದು ಬಲ್ಬಿನಲ್ಲಿ ಖರ್ಚಾಗಿ ಹೋಗುತ್ತದೆ ಅಂತ ನಾನು ಅಲ್ಲಿಯವರೆಗೆ ತಿಳಿದಿದ್ದೆ. ಹಾಗಲ್ಲ ಬೀರಪ್ಪ, ಹೊರಟದ್ದು ಮತ್ತೆ ಹೊರಟಲ್ಲಿಗೇ ಬರಬೇಕು, ಬರುವ ದಾರಿ ಇಲ್ಲದಿದ್ದರೆ ಅದು ಹೊರಡುವುದೇ ಇಲ್ಲ ಅಂದರು ಟೀಚರು. ಗಾಡಿಗಳಲ್ಲಿ ಹೋಗುವುದಕ್ಕೆ ಮಾತ್ರ ವೈರು, ತಿರುಗಿ ಬರುವುದಕ್ಕೆ ಗಾಡಿಯ ಕಬ್ಬಿಣದ ಮೈಯೇ ದಾರಿ ಅಂತ ತಿಳಿದಾಗ ನನ್ನ ಸಂತೋಷಕ್ಕೆ ಮಿತಿ ಇರಲಿಲ್ಲ. ಹದಿನೈದು ವರ್ಷ ಆ ಕಬ್ಬಿಣದೊಳಗೆ ಕೂತು ಸ್ಟೇರಿಂಗ್ ತಿರುಗಿಸಿದ್ದೆ, ಇಷ್ಟು ದೊಡ್ಡ ಸಂಗತಿ ನನ್ನ ಸುತ್ತಲೇ ಓಡಾಡುತ್ತಿತ್ತು, ಗೊತ್ತೇ ಇರಲಿಲ್ಲ.

ಇದಕ್ಕೂ ಮೊದಲು ಕರೆಂಟಿನ ಜೊತೆ ನನ್ನ ಪರಿಚಯ ಅಪ್ಪನ ಮೂರು ಸೆಲ್ಲಿನ ಬ್ಯಾಟರಿಯಿಂದ ಆದದ್ದು. ನೀವು ಟಾರ್ಚ್ ಅನ್ನುವುದನ್ನು ನಾವು ಬ್ಯಾಟರಿ ಅನ್ನುತ್ತಿದ್ದೆವು. ಸೆಲ್ಲು ಸೋತರೆ ಅಪ್ಪ ಅವನ್ನು ಕಂಬಳಿಯ ಮೇಲೆ ಬಿಸಿಲಿಗೆ ಇಡುತ್ತಿದ್ದ, ಶಕ್ತಿ ತಿರುಗಿ ಬರುತ್ತದೆ ಅಂತ. ಕಾಯುವುದು ನನ್ನ ಕೆಲಸ. ಒಂದು ಸಲ ನಾನು ನಿದ್ದೆ ಹೋದೆ, ಒಂದು ಮರಿ ಬಂದು ಸೆಲ್ಲನ್ನು ನೆಕ್ಕುತ್ತ ನಿಂತಿತ್ತು. ಆ ಮರಿ ದೊಡ್ಡದಾದ ಮೇಲೆ ಬಹಳ ಜೋರಿನ ಟಗರಾಯಿತು. ಸೆಲ್ಲಿನ ಶಕ್ತಿ ಅಂತ ನಾವು ಹುಡುಗರು ನಂಬಿದ್ದೆವು. ಪದ್ಮಾ ಟೀಚರಿಗೆ ಇದನ್ನು ಹೇಳಿದಾಗ, ಪರೀಕ್ಷೆಯಲ್ಲಿ ಇದನ್ನು ಬರೆಯಬೇಡ ಅಂದರು.

ಇರಲಿ. ಮನಿಗಾಡಿ ತಯಾರಾಯಿತು. ಮೊದಲ ವಾರವೇ ಅದು ತನ್ನ ಗುಣ ತೋರಿಸಿತು. ಬ್ರೇಕ್ ಒತ್ತಿದರೆ ಒಳಗಿನ ಫ್ಯಾನು ನಿಲ್ಲುತ್ತಿತ್ತು. ಬಿಟ್ಟರೆ ತಿರುಗುತ್ತಿತ್ತು. ಇಂಡಿಕೇಟರ್ ಹಾಕಿದರೆ ಒಳಗಿನ ದೀಪಗಳು ಅದರ ತಾಳಕ್ಕೆ ಕಣ್ಣು ಮಿಟುಕಿಸುತ್ತಿದ್ದವು. ಎರಡು ದಿನ ಹೀಗೆ ಮಾಡಿ, ಆಮೇಲೆ ಇಪ್ಪತ್ತೈದು ಇಪ್ಪತ್ತಾರು ದಿನ ಏನೂ ಆಗಿಲ್ಲದ ಹಾಗೆ ಸಂಭಾವಿತನಂತೆ ಇರುತ್ತಿತ್ತು. ಬೆಳಗಾವಿಯಲ್ಲಿ ಮೂರು ಜನ ವೈರಿಂಗಿನವರಿಗೆ ತೋರಿಸಿದೆ. ಒಬ್ಬ ಬ್ಯಾಟರಿ ಅಂದ, ಒಬ್ಬ ಡೈನಮೋ ಅಂದ, ಮೂರನೆಯವನು ಇದನ್ನೆಲ್ಲ ಕಟ್ಟಿದ ಮಹಾನುಭಾವ ಯಾರು ಅಂತ ಕೇಳಿದ. ಯಾರೋ ಹಳಬರು ಅಂದೆ.

ನನಗೆ ಒಳಗೊಳಗೆ ಇದೊಂದು ಹಬ್ಬ. ಶಾಲೆಯಿಂದ ಬಂದವನೇ ಗಾಡಿಯ ಕೆಳಗೆ ಮಲಗುತ್ತಿದ್ದೆ. ಆದರೆ ಅವತ್ತು ಖಾನಾಪುರದ ಹತ್ತಿರ ಆದದ್ದು ಹಬ್ಬವಲ್ಲ. ಅವ್ವ, ಶಾಂತಾ, ನಾನು ಮೂವರೂ ಮನಿಗಾಡಿಯಲ್ಲಿ ಹೊರಟಿದ್ದೆವು. ಅವ್ವ ಕುರಿ ಕೂರಿಸುತ್ತಿದ್ದ ಹೊಲಗಳನ್ನು ನೋಡುವ ಆಸೆ ಅವಳದು. ಮಟಮಟ ಮಧ್ಯಾಹ್ನ. ರೈಲ್ವೆ ಗೇಟಿನ ಹಳಿಗಳ ಮೇಲೆ ಕುಲುಕು ಬಂತು ಅಂತ ಬ್ರೇಕ್ ಒತ್ತಿದೆ. ಫ್ಯಾನು ನಿಂತಿತು. ಅದರ ಹಿಂದೆಯೇ ಇಂಜಿನ್ನೂ ನಿಂತಿತು. ಗಾಡಿ ಹಳಿಯ ಮೇಲೆ, ಗೇಟಿನ ಗಂಟೆ ಬಡಿಯಲು ಸುರುವಾಯಿತು. ಹಿಂದಿದ್ದ ಟ್ರ್ಯಾಕ್ಟರಿನವರು, ಬೈಕಿನವರು ಇಳಿದು ಒಂದೇ ಉಸಿರಿಗೆ ನೂಕಿ ಆಚೆ ಹಾಕಿದರು. ರೈಲು ಬಂದದ್ದು ಎಷ್ಟೋ ಹೊತ್ತಿನ ಮೇಲೆ. ಆದರೆ ಶಾಂತಾ ರಸ್ತೆಯ ಬದಿಯ ಕಲ್ಲಿನ ಮೇಲೆ ಕೂತವಳು ರೈಲಿನ ಕೊನೆಯ ಡಬ್ಬಿ ಹೋಗುವವರೆಗೂ ನೋಡುತ್ತಲೇ ಇದ್ದಳು. ಆಮೇಲೆ ನನ್ನ ಕಡೆ ತಿರುಗಿ, “ಇದನ್ನ ಮಾರ್ರಿ. ನಾ ಇನ್ನ ಇದರಾಗ ಕಾಲಿಡೂದಿಲ್ಲ” ಅಂದಳು.

ದನಿ ಏರಿಸಿರಲಿಲ್ಲ. ಏರಿಸಿದ್ದರೆ ನಾನು ಏನಾದರೂ ಹೇಳುತ್ತಿದ್ದೆ.

ಅವರಿಬ್ಬರನ್ನು ಬಸ್ಸಿಗೆ ಹತ್ತಿಸಿ ನಾನು ಗಾಡಿಯ ಹತ್ತಿರ ನಿಂತೆ. ನೂಕಿದವರಲ್ಲಿ ಒಬ್ಬರು ಖಾನಾಪುರದಿಂದ ಪರಸು ಮಾಮಾನನ್ನು ಕಳಿಸಿದರು. ಎಪ್ಪತ್ತರ ಹತ್ತಿರದ ಮನುಷ್ಯ, ಗಾಡಿ ವೈರಿಂಗಿನಲ್ಲೇ ತಲೆ ಬೆಳ್ಳಗಾದವನು, ನನ್ನ ಜೊತೆ ಕನ್ನಡ, ಗಾಡಿಯ ಜೊತೆ ಮರಾಠಿ. ಏನೂ ಬಿಚ್ಚಲಿಲ್ಲ. ಕಿಸೆಯಿಂದ ಈ ಬಲ್ಬು ತೆಗೆದು ಅಲ್ಲಿ ಇಲ್ಲಿ ಚುಚ್ಚಿದ, ಆಮೇಲೆ ಕೇಳಿದ.

“ಡ್ರೈವರ ಸಾಹೇಬ, ಗಾಡಿ ಯಾವಾಗ ತೊಳಿತೀರಿ?”

“ದರ ಅಮಾಸಿಗೆ ತೊಳದು ಪೂಜಾ ಮಾಡ್ತೀನಿ, ಮಾಮಾ. ಮೊನ್ನೆನ ಮಾಡೀನಿ.”

“ಮತ್ತ ಈ ರೋಗ ಬರೂದು ಯಾವಾಗ?”

ನಾನು ಬೆರಳು ಮಡಿಸಿ ಲೆಕ್ಕ ಹಾಕಿದೆ. ಪ್ರತಿ ಸಲವೂ ಅಮಾವಾಸ್ಯೆಯ ಮರುದಿನ, ಇಲ್ಲವೇ ಅದರ ಮರುದಿನ. ಇಷ್ಟು ತಿಂಗಳು ನನಗೆ ಹೊಳೆದಿರಲಿಲ್ಲ. ಇನ್ನೊಬ್ಬನಾಗಿದ್ದರೆ ದೆವ್ವದ ಕಾಟ ಅನ್ನುತ್ತಿದ್ದ. ಮಾಮಾ ಹಾಗೆ ಹೇಳಲಿಲ್ಲ. ಕರೆಂಟು ಹೋಗುವುದು ಚೆನ್ನಾಗಿದೆ, ತಿರುಗಿ ಬರುವ ಕಡೆ ಎಲ್ಲೋ ನೀರು ಬಿದ್ದು ಕಬ್ಬಿಣ ತಿನ್ನುತ್ತಿದೆ, ನೀರು ಎಲ್ಲಿ ಇಳಿಯುತ್ತದೆ ಅನ್ನುವುದನ್ನು ಹುಡುಕು, ಮುಂದಿನದು ಐದು ಮಿನಿಟಿನ ಕೆಲಸ ಅಂದ. ಸುಮ್ಮನೆ ಬಿಚ್ಚುತ್ತ ಹೋದರೆ ಆ ಪ್ಲೈವುಡ್ ಎಲ್ಲ ಒಡೆಯಬೇಕು, ನಿನ್ನ ಮನೆಯೇ ಹೋಗುತ್ತದೆ ಅಂತಲೂ ಹೇಳಿದ. ಹೋಗುವಾಗ ಬಲ್ಬನ್ನು ನನ್ನ ಕೈಯಲ್ಲಿಟ್ಟ. ಇಷ್ಟು ಆಸೆಯಿಂದ ನೋಡುತ್ತಿದ್ದೀಯಲ್ಲ, ಇಟ್ಟುಕೋ ಅಂದ. ಅಷ್ಟೊತ್ತಿಗೆ ಇಂಜಿನ್ ಮತ್ತೆ ಚಾಲೂ ಆಯಿತು, ಗಾಡಿಯನ್ನು ನಿಧಾನವಾಗಿ ಮನೆಗೆ ತಂದೆ.

ಮುಂದಿನ ನಾಲ್ಕು ವಾರ ನಾನು ನೀರು ಹುಡುಕಿದೆ. ಬೆಳಿಗ್ಗೆ ಬಸ್ಸಿಗೆ ಹೋಗುವ ಮೊದಲು ಛಾವಣಿಗೆ ಎರಡು ಕೊಡ ಸುರುವುತ್ತಿದ್ದೆ. ಒಳಗೆ ಹಳೆಯ ಪೇಪರ್ ಹಾಸಿ, ಅಂಗೈ ಒತ್ತಿ, ಮೂಗಿನಿಂದ ಮೂಸಿ ನೋಡುತ್ತಿದ್ದೆ. ಎಲ್ಲ ಒಣ. ನೀರಿಗೆ ಬಣ್ಣವಿಲ್ಲ, ಪ್ಲೈವುಡ್ಡಿನ ಹಿಂದೆ ಹೋಗಿ ಆರಿದ ಮೇಲೆ ಅದು ಬಂದಿತ್ತು ಅನ್ನುವುದಕ್ಕೆ ಸಾಕ್ಷಿ ಇಲ್ಲ. ದಿನಾ ಸೋಲುತ್ತಿದ್ದೆ, ದಿನಾ ಹುರುಪು ಹೆಚ್ಚಾಗುತ್ತಿತ್ತು. ಸುಳ್ಳು ಹೇಳುವುದಿಲ್ಲ, ಬಸ್ಸಿನಲ್ಲಿ ಕೂತಾಗಲೂ ನನ್ನ ತಲೆ ಪ್ಲೈವುಡ್ಡಿನ ಹಿಂದೆಯೇ ಇರುತ್ತಿತ್ತು. ಒಂದು ದಿನ ಸ್ಟಾಪಿನಲ್ಲಿ ಮಕ್ಕಳನ್ನು ಹತ್ತಿಸಿಕೊಳ್ಳದೆ ಮುಂದೆ ಹೋಗಿ, ಮತ್ತೆ ರಿವರ್ಸ್ ಬಂದೆ.

ಶಾಂತಾ ಈ ನಡುವೆ ತನ್ನ ಕೆಲಸ ಮಾಡಿದ್ದಳು. ಕಾಕತಿಯ ಬಸವಂತ ಅನ್ನುವವರು ವ್ಯಾನ್ ನೋಡಲು ಬರುತ್ತಾರೆ, ಅಮಾವಾಸ್ಯೆಯ ದಿನ ಹನ್ನೊಂದು ಗಂಟೆಗೆ ಅಂತ ತಿಳಿಸಿದಳು. ನಾನು ಹೂಂ ಅಂದೆ. ಅವಳ ಹೆದರಿಕೆ ಸುಳ್ಳು ಅನ್ನುವ ಧೈರ್ಯ ನನಗೆ ಇರಲಿಲ್ಲ. ಆ ಗಂಟೆಯ ಸದ್ದು ನನ್ನ ಕಿವಿಯಲ್ಲೂ ಇತ್ತು.

ಅಮಾವಾಸ್ಯೆಯ ಬೆಳಿಗ್ಗೆ ಬೀಡಿಯಿಂದ ಅವ್ವ ಬಂದಳು. ನಮ್ಮ ದೇವರು ಬೀರದೇವರು, ನಮಗೆ ಭಂಡಾರ ಎಂದರೆ ಜೀವ. ಭಂಡಾರ ಅಂದರೆ ಅರಿಶಿನದ ಪುಡಿ, ದೇವರ ಮುಂದಿಟ್ಟು ಆಮೇಲೆ ಮೇಲೆ ಎರಚುವುದು. ಕುದುರೆಗೆ ಎರಚುತ್ತಿದ್ದರು, ಹಿಂಡಿಗೆ ಎರಚುತ್ತಿದ್ದರು. ಪ್ರತಿ ಸಲ ನಾನು ಗಾಡಿ ತೊಳೆದು ಒರೆಸಿದ ಮೇಲೆ ಎರಡು ಬೆರಳಿನಷ್ಟು ಹಚ್ಚುತ್ತಿದ್ದೆ, ಅಷ್ಟೇ. ಈ ಸಲ ಮನಿಗಾಡಿ ಮಾರುತ್ತಾರೆ ಅಂತ ಗೊತ್ತಾಗಿ ಅವ್ವನಿಗೆ ಸಂಕಟವಾಗಿತ್ತು. ನಾನು ಸ್ನಾನಕ್ಕೆ ಹೋದಾಗ ಸ್ಟೂಲಿನ ಮೇಲೆ ನಿಂತು, ತಂದಿದ್ದ ಚೀಲವನ್ನು ಪೂರ್ತಿ ಛಾವಣಿಯ ಮೇಲೆ ಸುರುವಿಬಿಟ್ಟಿದ್ದಳು. ಹೊರಗೆ ಬಂದು ನೋಡಿದರೆ ಗಾಡಿ ಹಳದಿ, ಅಂಗಳ ಹಳದಿ, ಬಾಜು ಮನೆಯವರ ಬೆಕ್ಕೂ ಹಳದಿ.

ಶಾಂತಾಗೆ ಅತ್ತೆಯ ಮುಂದೆ ಬಾಯಿ ಬಿಡಲು ಆಗದು. ಹನ್ನೊಂದಕ್ಕೆ ಜನ ಬರುತ್ತಾರೆ, ಹೀಗೆ ತೋರಿಸುವುದು ಹೇಗೆ. ಬಕೆಟ್ಟಿಗೆ ಬಟ್ಟೆ ತೊಳೆಯುವ ಪುಡಿ ಹಾಕಿ, ನೊರೆ ಎಬ್ಬಿಸಿ, ಸೀರೆ ಸಿಕ್ಕಿಸಿ ತಾನೇ ಗಾಡಿ ತೊಳೆಯಲು ನಿಂತಳು. ಹಳದಿಯೆಲ್ಲ ಕೆಂಪಾಗಿ ಇಳಿಯತೊಡಗಿತು.

ಇಲ್ಲಿ ನಾನು ನಗೆಗೀಡಾದೆ. ಅರಿಶಿನಕ್ಕೆ ಸಾಬೂನು ತಾಗಿದರೆ ಕೆಂಪಾಗುವುದು ಪ್ರತ್ಯಾಮ್ಲದ ಗುಣ, ಅರಿಶಿನ ಒಂದು ಸೂಚಕ ಅಂತ ಪದ್ಮಾ ಟೀಚರು ನನಗೆ ಹೇಳಿಕೊಟ್ಟಿದ್ದರು, ನಾನು ಅದನ್ನು ನಾಲ್ಕು ಅಂಕಕ್ಕೆ ಬರೆದಿದ್ದೆ. ಇವತ್ತು ಆ ವಿದ್ಯೆಯನ್ನು ಇಬ್ಬರಿಗೂ ವಿವರಿಸತೊಡಗಿದೆ. ಅತ್ತೆ ಸೊಸೆ ಮೊದಲ ಸಲ ಒಂದಾಗಿ ನನ್ನ ಮುಖ ನೋಡಿದರು. ಹಳದಿ ಹತ್ತಿದ ಸೀರೆಯನ್ನು ಹುಟ್ಟಿದಾಗಿನಿಂದ ತೊಳೆಯುತ್ತ ಬಂದವರು ಅವರು.

ಶಾಂತಾ ನೆಲ ಒರೆಸಲು ಒಳಗೆ ಕೈ ಚಾಚಿದಳು, ಕಾಲಿಡಲಿಲ್ಲ. ಅಲ್ಲಿಂದಲೇ ಸಿಟ್ಟಿನಲ್ಲಿ ಅಂದಳು, “ನೋಡ್ರಿ, ಈ ಕೆಂಪ ಒಳಗೂ ಬಂದೈತಿ. ಮಂಚದ ಬುಡಕ ಪೂರಾ ಕಲಿ ಆಗೇತಿ. ಈಗ ಇದನ್ನ ಯಾರು ತಿಕ್ಕಬೇಕು?”

ತಿಕ್ಕಬೇಡ, ಮುಟ್ಟಬೇಡ ಅಂತ ಅವಳ ಕೈಯಿಂದ ಅರಿವೆ ಕಸಿದುಕೊಂಡೆ. ಒಳಗೆ ಹೋಗಿ ಮಂಡಿಯೂರಿ ನೋಡಿದೆ. ಮಂಚದ ಹಿಂದೆ, ಪ್ಲೈವುಡ್ಡಿನ ಕೆಳ ಅಂಚಿನಿಂದ, ಕುಂಕುಮ ನೀರಿನಂಥ ಸಣ್ಣ ಎಳೆ ನೆಲಕ್ಕೆ ಇಳಿದಿತ್ತು. ಬೇರೆಲ್ಲೂ ಇಲ್ಲ, ಅಲ್ಲೊಂದೇ ಕಡೆ. ನಾಲ್ಕು ವಾರ ನನ್ನ ಕಣ್ಣಿಗೆ ಬೀಳದ ನೀರು ಈಗ ಬಣ್ಣ ಬಳಿದುಕೊಂಡು ನಾನು ಇಲ್ಲಿದ್ದೇನೆ ಅಂತ ಹೇಳುತ್ತಿತ್ತು.

ಸ್ಕ್ರೂ ಡ್ರೈವರ್ ತಂದು ಅಷ್ಟೇ ಅಗಲದ ಒಂದು ಹಲಗೆ ಎಬ್ಬಿಸಿದೆ. ಛಾವಣಿ ಹೊತ್ತ ಬಿಳಿ ಬಣ್ಣದ ಕಬ್ಬಿಣದ ಕಂಬದ ಮೇಲೆ ಮೇಲಿನಿಂದ ಕೆಳಗೆ ಗೆರೆ ಎಳೆದ ಹಾಗೆ ಕೆಂಪು. ಮೇಲಕ್ಕೆ ಹೋಗಿ ನೋಡಿದರೆ, ಹಿಂದೆ ಶಾಲೆಯ ಬೋರ್ಡ್ ಕೂರಿಸಿದ್ದ ತೂತು. ಬೋರ್ಡ್ ತೆಗೆದು ತೂತಿಗೆ ಟೇಪ್ ಅಂಟಿಸಿದವನು ನಾನೇ. ಕೆಳಕ್ಕೆ ಹೋಗಿ ನೋಡಿದರೆ, ಗೆರೆ ನೆಟ್ಟಗೆ ಒಂದು ಬೋಲ್ಟಿನ ಮೇಲೆ ಇಳಿದಿತ್ತು. ಆ ಬೋಲ್ಟಿಗೆ ಐದು ವೈರು. ಫ್ಯಾನು, ದೀಪ, ನೀರಿನ ಪಂಪು, ಇಂಡಿಕೇಟರಿನೊಂದಿಗೆ ಹಿಂದಿನ ಬ್ರೇಕ್ ಲೈಟು, ಪೆಟ್ರೋಲನ್ನು ಮುಂದಕ್ಕೆ ತಳ್ಳುವ ಮೋಟಾರು, ಎಲ್ಲದರ ತಿರುಗಿ ಬರುವ ದಾರಿ ಅದೊಂದೇ. ಒಟ್ಟಿಗೆ ಇರಲಿ, ಚೆಂದ ಕಾಣುತ್ತದೆ ಅಂತ ಎಲ್ಲವನ್ನೂ ಅಲ್ಲಿ ಕಟ್ಟಿದ ಮಹಾನುಭಾವನೂ ನಾನೇ. ಬೋಲ್ಟಿನ ಸುತ್ತ ಹಸಿರು ಬಿಳಿ ಕಿಲುಬು ಹೂಬಿಟ್ಟಿತ್ತು, ತಿರುಗಿ ಬರುವ ದಾರಿ ಕಿರಿದಾಗಿತ್ತು.

ಒಂದು ಕ್ಷಣದಲ್ಲಿ ನನಗೆ ಎಲ್ಲ ಕಂಡಿತು. ಬೇಲಿಯ ಕಿಂಡಿ ಸಣ್ಣದಾದರೆ ಹಿಂಡಿನಲ್ಲಿ ಏನಾಗುತ್ತದೆ ಅಂತ ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು. ಟಗರುಗಳು ನುಗ್ಗುತ್ತವೆ, ಮರಿಗಳು ಹಿಂದೆ ನಿಂತುಬಿಡುತ್ತವೆ. ಬ್ರೇಕ್ ಲೈಟು ಟಗರು. ಫ್ಯಾನು ಮರಿ. ಅವತ್ತು ಹಳಿಯ ಮೇಲೆ ಪೆಟ್ರೋಲಿನ ಮೋಟಾರೂ ಮರಿಯ ಹಾಗೆ ಹಿಂದೆ ನಿಂತಿತ್ತು. ನಾನು ಹೊರಗೆ ಹಾರಿ ಅಂಗಳದಲ್ಲಿ ಎರಡು ಸುತ್ತು ಓಡಿದೆ. ನನಗೆ ವಯಸ್ಸು ನಲವತ್ತೈದು. ಅವ್ವ, ಬೀರಾ, ಬೀಳ್ತಿ ಅಂದಳು.

ಪಾಲಿಶ್ ಪೇಪರಿನಿಂದ ಉಜ್ಜಿ ಕಬ್ಬಿಣ ಕನ್ನಡಿ ಮಾಡಿದೆ. ವೈರಿನ ತುದಿಗಳನ್ನು ಕತ್ತರಿಸಿ ಹೊಸದಾಗಿ ಕೂರಿಸಿದೆ. ಪೆಟ್ರೋಲಿನ ಮೋಟಾರಿಗೂ ಬ್ರೇಕ್ ಲೈಟಿಗೂ ಬೇರೆ ಬೇರೆ ಬೋಲ್ಟು ಕೊಟ್ಟೆ. ಮೇಲಿನ ತೂತಿಗೆ ರಬ್ಬರ್ ವಾಷರ್ ಹಾಕಿ ಬಿಗಿದೆ. ಬ್ರೇಕ್ ಒತ್ತಿದೆ. ಫ್ಯಾನು ತಿರುಗುತ್ತಲೇ ಇತ್ತು.

ಅಷ್ಟೊತ್ತಿಗೆ ಬಸವಂತ ಬಂದಿದ್ದರು. ಒಳ್ಳೆಯ ಮನುಷ್ಯ. ಸುತ್ತ ನೋಡಿದರು, ಒಳಗೆ ಕೂತರು, ಫ್ಯಾನಿನ ಗಾಳಿಗೆ ಮುಖ ಒಡ್ಡಿದರು, ಮನಸ್ಸಿಗೆ ಬಂದಿದೆ ಅಂದರು. ಗಾಲಿ ತೆಗೆದು ಕಲ್ಲಿನ ಮೇಲೆ ಕೂರಿಸಿ, ಒಂದು ಬದಿ ಕೊರೆದು, ಹೈವೇ ಬದಿಯಲ್ಲಿ ವಡಾಪಾವ್ ಅಂಗಡಿ ಮಾಡುವ ವಿಚಾರ ಅವರದು. ಗಾಲಿ ತೆಗೆಯುವ ಮಾತು ಕೇಳಿ ಅವ್ವ ಎದ್ದಳು. ಮನಿಗಾಡಿ ಹತ್ತಿ ಮಂಚದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತಳು.

ಎಲ್ಲರೂ ಶಾಂತಾಳನ್ನು ನೋಡಿದೆವು. ತೀರ್ಮಾನ ಅವಳದೇ. ಹಳಿಯ ಬದಿಯಲ್ಲಿ ಕಲ್ಲಿನ ಮೇಲೆ ಕೂತವಳು ಅವಳು.

ಅವಳು ಬಕೆಟ್ ಎತ್ತಿಕೊಂಡಳು. ಸ್ಟೂಲು ಹತ್ತಿ ಛಾವಣಿಗೆ ನೀರು ಸುರುವಿದಳು. ಇನ್ನೊಂದು ಬಕೆಟ್. ಮತ್ತೊಂದು. ಹತ್ತು ಬಕೆಟ್ ಆದವು. ಬಸವಂತರ ಪ್ಯಾಂಟು ಮಂಡಿಯವರೆಗೆ ನೆನೆಯಿತು, ಅವರು ಹಿಂದೆ ಸರಿದು ನಿಂತರು. ಆಮೇಲೆ ನನಗೆ, “ಚಾಲೂ ಮಾಡ್ರಿ. ಬ್ರೇಕ್ ಒತ್ರಿ. ಬಿಡ್ರಿ. ಇನ್ನೊಮ್ಮಿ” ಅಂದಳು. ಒತ್ತಿದೆ, ಬಿಟ್ಟೆ. ಇಂಡಿಕೇಟರ್ ಹಾಕಿಸಿದಳು, ಹಾರ್ನ್ ಹೊಡೆಸಿದಳು, ದೀಪ ಹಚ್ಚಿಸಿದಳು. ಎಲ್ಲ ಒಟ್ಟಿಗೆ ಹಾಕಿ ಬ್ರೇಕ್ ಒತ್ತಿ ಹಿಡಿದುಕೊಳ್ಳಿ ಅಂದಳು. ಎಷ್ಟು ಹೊತ್ತು ಹಿಡಿದೆನೋ, ನನ್ನ ಮೀನಖಂಡ ನಡುಗತೊಡಗಿತು. ಇಂಜಿನ್ ನಡುಗಲಿಲ್ಲ. ಅವಳು ಬಗ್ಗಿ ಆ ಬೋಲ್ಟನ್ನು ಮುಟ್ಟಿ, ಬೆರಳನ್ನು ಸೀರೆಯ ಸೆರಗಿಗೆ ಒತ್ತಿ ನೋಡಿದಳು. ಒಣಗಿತ್ತು.

“ಬಸವಂತಣ್ಣಾರ,” ಅಂದಳು, “ನಿಮಗ ಸುಮ್ನ ತ್ರಾಸ ಆತು. ಅತ್ತಿ ಕುಂತ ಬಿಟ್ಟಾರ ನೋಡ್ರಿ, ಅವರನ್ನ ಇಳಸೂದು ನಮ್ಮ ಕೈಲೆ ಆಗೂದಲ್ಲ. ಚಾ ಕುಡದ ಹೋಗ್ರಿ.”

ಅವರು ನಕ್ಕು, ಇದಕ್ಕೆ ಹತ್ತು ಬಕೆಟ್ ಯಾಕೆ ಬೇಕಿತ್ತು ಅಕ್ಕಾರ, ಮೊದಲೇ ಹೇಳಿದ್ದರೆ ಪ್ಯಾಂಟಾದರೂ ಒಣಗಿರುತ್ತಿತ್ತು ಅಂದರು. ಚಹಾ ಕುಡಿದು ಹೋದರು.

ಶಾಂತಾ ಮನೆಯೊಳಗೆ ಹೋದಳು. ಬಹಳ ಹೊತ್ತು ಬರಲಿಲ್ಲ. ಬಂದಾಗ ಸೀರೆ ಬದಲಿಸಿದ್ದಳು, ಕೈಯಲ್ಲಿ ರೊಟ್ಟಿಯ ಡಬ್ಬಿ ಇತ್ತು. ಮನೆಗೆ ಕೀಲಿ ಹಾಕಿ, ಮುಂದಿನ ಬಾಗಿಲು ತೆಗೆದು, ಒಂದು ಸಲ ಒಳಗೆ ನೋಡಿ, ನನ್ನ ಬಾಜು ಹತ್ತಿ ಕೂತಳು. ಖಾನಾಪುರದ ಆಚೆಗೋ ಅಂತ ಕೇಳಿದೆ. ಹೂಂ ಅಂದಳು.

ನಮ್ಮ ಓಣಿಯ ತಿರುವಿನಲ್ಲಿ ಒಂದು ದೊಡ್ಡ ಹಂಪ್ ಇದೆ. ಬ್ರೇಕ್ ಒತ್ತಿದೆ. ಶಾಂತಾ ರಸ್ತೆ ನೋಡಲಿಲ್ಲ, ಕತ್ತು ಹೊರಳಿಸಿ ಛಾವಣಿ ನೋಡಿದಳು. ನಾನೂ ಕನ್ನಡಿಯಲ್ಲಿ ಅದನ್ನೇ ನೋಡುತ್ತಿದ್ದೆ. ಅಷ್ಟರಲ್ಲಿ ಹಿಂದಿನಿಂದ ಅವ್ವನ ದನಿ ಬಂತು.

“ಬೀರಾ, ಗಾಳಿ ಭಾಳ ಆತೋ.”